ಮೀಟಿಂಗ್ ಎಲ್ಲಿ ಕೆಟ್ಟಿದೆ? ಲಕ್ಷಣ ನೋಡಿ ಕಾರಣ ಹುಡುಕುವ ಕೈಪಿಡಿ

ಕಚೇರಿ, ಕಾರ್ಖಾನೆ, ಸಾಫ್ಟ್‌ವೇರ್ ತಂಡಗಳಲ್ಲಿ ಐದರಿಂದ ಹದಿನೈದು ಜನ ಸೇರುವ ವಾರದ, ದಿನದ ಮೀಟಿಂಗ್‌ಗಳನ್ನು ನಡೆಸುವವರಿಗಾಗಿ ಈ ಕೈಪಿಡಿ. ಗೋಡೆಯಲ್ಲಿ ನೀರು ಜಿನುಗಿದ ಜಾಗದಲ್ಲೇ ಪೈಪ್ ಒಡೆದಿರುವುದಿಲ್ಲ. ಮೀಟಿಂಗ್‌ನ ದೋಷವೂ ಹಾಗೆಯೇ. ಕಾಣಿಸಿಕೊಳ್ಳುವುದು ಮೀಟಿಂಗ್ ಒಳಗೆ, ಕಾರಣ ಇರುವುದು ಬಹುಪಾಲು ಅದರ ಹಿಂದಿನ ದಿನ ಅಥವಾ ಮಾರನೆಯ ದಿನ. "ಇನ್ಮೇಲೆ ಯಾರೂ ಫೋನ್ ನೋಡಬಾರದು", "ತಡವಾಗಿ ಬಂದವರು ಟೀ ಕೊಡಿಸಬೇಕು" ಎಂಬ ನಿಯಮಗಳು ಎರಡು ವಾರ ನಡೆದು ನಿಂತುಹೋಗುವುದಕ್ಕೆ ಇದೇ ಕಾರಣ. ಜನರನ್ನು ತಿದ್ದಲು ಹೊರಡುವ ಮೊದಲು ವ್ಯವಸ್ಥೆಯನ್ನು ಪರೀಕ್ಷಿಸಿ.

ಕೈ ಹಾಕುವ ಮೊದಲು: ಅಳತೆ

ಮುಂದಿನ ಎರಡು ಮೀಟಿಂಗ್‌ಗಳಲ್ಲಿ ಏನನ್ನೂ ಬದಲಿಸಬೇಡಿ. ಒಂದು ಹಾಳೆಯಲ್ಲಿ ಐದು ಸಂಗತಿ ಮಾತ್ರ ಬರೆದುಕೊಳ್ಳಿ: ಮೊದಲ ವಿಷಯ ನಿಜವಾಗಿ ಶುರುವಾದ ಸಮಯ, ಮೊದಲ ತೀರ್ಮಾನ ಆದದ್ದು ಎಷ್ಟನೇ ನಿಮಿಷಕ್ಕೆ, ಒಂದು ಮಾತೂ ಆಡದವರು ಎಷ್ಟು ಜನ, ಹೆಸರು ಮತ್ತು ದಿನಾಂಕ ಎರಡೂ ಸೇರಿ ಹಂಚಿಕೆಯಾದ ಕೆಲಸಗಳು ಎಷ್ಟು, ಹಿಂದಿನ ಸಲ ಹಂಚಿದ್ದರಲ್ಲಿ ಮುಗಿದವು ಎಷ್ಟು. ಯಾವ ಅಂಕಿ ಕೆಟ್ಟದಾಗಿದೆಯೋ ಕೆಳಗೆ ಅದಕ್ಕೆ ಸೇರಿದ ಭಾಗಕ್ಕೆ ನೇರ ಹೋಗಿ. ಎಲ್ಲವೂ ಕೆಟ್ಟಿದ್ದರೆ ಎರಡನೆಯ ಲಕ್ಷಣದಿಂದ ಆರಂಭಿಸಿ. ಅದು ಸರಿಹೋದರೆ ಉಳಿದವು ಅರ್ಧ ಸರಿಹೋಗುತ್ತವೆ.

ಜೊತೆಗೆ ಖರ್ಚಿನ ಲೆಕ್ಕ. ಸರಾಸರಿ ತಿಂಗಳ ಸಂಬಳ 60,000 ರೂಪಾಯಿ, ತಿಂಗಳಿಗೆ 22 ದಿನ, ದಿನಕ್ಕೆ 8 ಗಂಟೆ ಎಂದು ಹಿಡಿದರೆ ಒಬ್ಬರ ಒಂದು ಗಂಟೆಗೆ ಸುಮಾರು 340 ರೂಪಾಯಿ. ಹತ್ತು ಜನರ ಒಂದು ಗಂಟೆಯ ಮೀಟಿಂಗ್‌ಗೆ 3,400. ವರ್ಷಕ್ಕೆ ಐವತ್ತು ವಾರ ನಡೆದರೆ 1,70,000 ರೂಪಾಯಿ. ಮ್ಯಾನೇಜ್‌ಮೆಂಟ್‌ನ ಒಪ್ಪಿಗೆ ಬೇಕಾದಾಗ ಈ ಲೆಕ್ಕ ಉಪಯೋಗಕ್ಕೆ ಬರುತ್ತದೆ. ಲೆಕ್ಕಕ್ಕೆ ಸರಾಸರಿಯನ್ನೇ ಬಳಸಿ. ಒಬ್ಬೊಬ್ಬರ ಸಂಬಳ ಹಾಳೆಯ ಮೇಲೆ ಬರಬಾರದು.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಕನಿಷ್ಠ ಮೂರು ಮೀಟಿಂಗ್ ನೋಡಿ. ಒಟ್ಟಿಗೆ ನಾಲ್ಕು ಬದಲಿಸಿದರೆ ಯಾವುದರಿಂದ ಸರಿಹೋಯಿತು ಎಂದು ತಿಳಿಯುವುದೇ ಇಲ್ಲ.

ಲಕ್ಷಣ 1: ಹೇಳಿದ ಸಮಯಕ್ಕೆ ಶುರುವಾಗುವುದೇ ಇಲ್ಲ

ಯಾರು ತಡ ಎನ್ನುವುದಕ್ಕಿಂತ ತಡ ಯಾವ ಬಗೆಯದು ಎಂದು ನೋಡಿ. ಎಲ್ಲರೂ ಐದಾರು ನಿಮಿಷ ತಡವಾಗಿ ಬರುತ್ತಿದ್ದರೆ ಅವರೆಲ್ಲ ಇನ್ನೊಂದು ಮೀಟಿಂಗ್‌ನಿಂದ ಎದ್ದು ಬರುತ್ತಿದ್ದಾರೆ ಎಂದರ್ಥ. 10ರಿಂದ 11, 11ರಿಂದ 12 ಎಂದು ಅಂಟಿಸಿದರೆ ನೀರು ಕುಡಿಯಲೂ ಸಮಯವಿಲ್ಲ. 11:05ಕ್ಕೆ ಆರಂಭಿಸಿ 11:50ಕ್ಕೆ ಮುಗಿಸಿ. ಖರ್ಚಿಲ್ಲದ ಪರಿಹಾರ ಇದು. ಕ್ಯಾಲೆಂಡರ್ ತಂತ್ರಾಂಶಗಳಲ್ಲಿ ಮೀಟಿಂಗ್‌ಗಳನ್ನು ತಾನಾಗಿಯೇ ಮೊಟಕುಗೊಳಿಸುವ ಆಯ್ಕೆಯೂ ಇರುತ್ತದೆ.

ಸೋಮವಾರ ಬೆಳಿಗ್ಗೆ ಮಾತ್ರ ತಡವಾದರೆ ಅದು ರಸ್ತೆಯ ಸಮಸ್ಯೆ. ಸಿಲ್ಕ್ ಬೋರ್ಡ್, ಹೆಬ್ಬಾಳ ದಾಟಿ ಬರುವವರಿರುವ ತಂಡಕ್ಕೆ ಸೋಮವಾರ 9:30ರ ಮೀಟಿಂಗ್ ಇಟ್ಟು ಶಿಸ್ತಿನ ಪಾಠ ಹೇಳುವುದು ವ್ಯರ್ಥ. ಮಂಗಳವಾರ 11ಕ್ಕೆ ಬದಲಿಸಿ.

ಜನ ಬಂದರೂ ಶುರುವಾಗದಿದ್ದರೆ ಕೋಣೆಯನ್ನು ನೋಡಿ: ಬೀಗದ ಕೈ ಯಾರ ಹತ್ತಿರ, ಪ್ರೊಜೆಕ್ಟರ್ ಕೇಬಲ್ ಇದೆಯೇ, ಈಗಿನ ಲ್ಯಾಪ್‌ಟಾಪ್‌ಗೆ ಬೇಕಾದ ಟೈಪ್-ಸಿ ಅಡಾಪ್ಟರ್ ಇದೆಯೇ. ಒಂದು ಅಡಾಪ್ಟರ್ ಅನ್ನು ಕೇಬಲ್‌ಗೇ ಕಟ್ಟಿ ಬಿಟ್ಟರೆ ಈ ದೋಷ ಮುಗಿಯಿತು.

ಉಳಿಯುವುದು ಕಷ್ಟದ ಬಗೆ: ಹಿರಿಯರು ಬರುವವರೆಗೆ ಎಲ್ಲರೂ ಕಾಯುವುದು. ಅವರಿಲ್ಲದೆ ನಡೆಯಬಲ್ಲ ವಿಷಯಗಳನ್ನು ಮೊದಲಿಗೆ ಹಾಕಿ, "ಸರ್, ನೀವು ಬರೋದು ತಡವಾದ್ರೆ ಮೊದಲ ಎರಡು ವಿಷಯ ನಾವು ಮುಗಿಸಿಕೊಳ್ತೀವಿ" ಎಂದು ಹಿಂದಿನ ದಿನವೇ ಒಪ್ಪಿಗೆ ಪಡೆಯಿರಿ. ಬಂದವರಿಗೆ ಆದದ್ದನ್ನೆಲ್ಲ ಮತ್ತೆ ಹೇಳಬೇಡಿ. ಮತ್ತೆ ಹೇಳಿದರೆ ಸಮಯಕ್ಕೆ ಬಂದವರು ಅದೇ ಮಾತನ್ನು ಎರಡು ಸಲ ಕೇಳಬೇಕು. ಮುಂದಿನ ವಾರ ಅವರೂ ತಡವಾಗಿ ಬರುತ್ತಾರೆ.

ಲಕ್ಷಣ 2: ಗಂಟೆಗಟ್ಟಲೆ ಮಾತು, ತೀರ್ಮಾನ ಮಾತ್ರ ಇಲ್ಲ

ಮೊದಲು ಕಾರ್ಯಸೂಚಿಯ ಭಾಷೆ ಓದಿ. "ಹೊಸ ಯಂತ್ರದ ಕುರಿತು ಚರ್ಚೆ" ಎಂದಿದ್ದರೆ ಚರ್ಚೆಯೇ ನಡೆಯುತ್ತದೆ, ಕೇಳಿದ್ದೇ ಅದನ್ನು. "ಬಂದಿರುವ ಎರಡು ಕೊಟೇಶನ್‌ಗಳಲ್ಲಿ ಯಾವುದಕ್ಕೆ ಈ ವಾರ ಆರ್ಡರ್ ಕೊಡುವುದು?" ಎಂದು ಬದಲಿಸಿ. ಪ್ರತಿಯೊಂದು ವಿಷಯವನ್ನೂ ಉತ್ತರ ಕೊಡಬಹುದಾದ ಪ್ರಶ್ನೆಯಾಗಿ ಬರೆಯಿರಿ. ಪ್ರಶ್ನೆಯಾಗದ ವಿಷಯ ಕೇವಲ ಮಾಹಿತಿ. ಅದನ್ನು ಇಮೇಲ್‌ನಲ್ಲಿ ಕಳಿಸಿ ಕಾರ್ಯಸೂಚಿಯಿಂದ ತೆಗೆಯಿರಿ. ಉಳಿದದ್ದರ ಮುಂದೆ "ಅಭಿಪ್ರಾಯಕ್ಕೆ" ಅಥವಾ "ತೀರ್ಮಾನಕ್ಕೆ" ಎಂದು ಒಂದು ಪದ ಸೇರಿಸಿ. ಅಭಿಪ್ರಾಯ ಕೇಳುತ್ತಿದ್ದೇವೆಯೋ ನಿರ್ಧರಿಸುತ್ತಿದ್ದೇವೆಯೋ ಎಂಬ ಗೊಂದಲದಲ್ಲೇ ಎಷ್ಟೋ ಮೀಟಿಂಗ್‌ಗಳ ಅರ್ಧ ಆಯಸ್ಸು ಹೋಗುತ್ತದೆ.

ನಂತರ ಗಣಿತ. 60 ನಿಮಿಷದಲ್ಲಿ ಆರಂಭಕ್ಕೆ 5, ಕೊನೆಯಲ್ಲಿ ತೀರ್ಮಾನಗಳನ್ನು ಓದಿ ಹೇಳಲು 10 ತೆಗೆದಿಟ್ಟರೆ ಉಳಿಯುವುದು 45. ಎಂಟು ಜನ ತಲಾ ಒಂದೂವರೆ ನಿಮಿಷ ಮಾತಾಡಿದರೆ ಒಂದು ವಿಷಯಕ್ಕೆ 12 ನಿಮಿಷ, ತೀರ್ಮಾನಕ್ಕೆ ಇನ್ನು ಮೂರು. ಹಾಗಾಗಿ ತೀರ್ಮಾನ ಬೇಡುವ ವಿಷಯಗಳು ಮೂರೇ. ನಿಮ್ಮ ಪಟ್ಟಿಯಲ್ಲಿ ಏಳಿದ್ದರೆ ದೋಷ ಸಿಕ್ಕಿತು, ಮುಂದೆ ಹುಡುಕಬೇಕಿಲ್ಲ.

ಗಣಿತ ಸರಿಯಿದ್ದೂ ತೀರ್ಮಾನವಾಗದಿದ್ದರೆ, ತೀರ್ಮಾನಿಸುವ ಅಧಿಕಾರ ಇರುವವರು ಕೋಣೆಯಲ್ಲಿ ಇದ್ದಾರೆಯೇ ಎಂದು ನೋಡಿ. "ಮೇಲೆ ಕೇಳಿ ಹೇಳ್ತೀವಿ" ಎಂಬ ಮಾತು ಒಂದೇ ಮೀಟಿಂಗ್‌ನಲ್ಲಿ ಎರಡು ಸಲ ಬಂದರೆ ಅವರು ಇಲ್ಲ ಎಂದರ್ಥ. ಎರಡು ದಾರಿ ಇವೆ: ಅವರನ್ನು ಆ ಒಂದು ವಿಷಯದ ಹದಿನೈದು ನಿಮಿಷಕ್ಕೆ ಮಾತ್ರ ಕರೆಯಿರಿ, ಇಲ್ಲವೇ "ಇಷ್ಟು ಲಕ್ಷದವರೆಗೆ ನೀವೇ ನಿರ್ಧರಿಸಿ" ಎಂದು ಮೊದಲೇ ಬರಹದಲ್ಲಿ ಪಡೆದುಕೊಳ್ಳಿ. ಎರಡೂ ಆಗದಿದ್ದರೆ ಆ ವಿಷಯವನ್ನು ಚರ್ಚೆಗೇ ಎತ್ತಿಕೊಳ್ಳಬೇಡಿ.

ಅಧಿಕಾರ ಇದ್ದರೂ ಅಂಕಿ ಅಂಶ ಇಲ್ಲದಿರುವುದು ಮುಂದಿನ ಕಾರಣ. "ಅಕೌಂಟ್ಸ್‌ನವರನ್ನ ಕೇಳಬೇಕು", "ಸ್ಟಾಕ್ ಎಷ್ಟಿದೆ ನೋಡಬೇಕು" ಎಂಬ ಮಾತುಗಳು ಇದರ ಗುರುತು. ವಿಷಯ ತಂದವರು 24 ಗಂಟೆ ಮೊದಲು ಒಂದು ಪುಟದ ಟಿಪ್ಪಣಿ ಕೊಡಬೇಕು: ಪ್ರಶ್ನೆ, ಐದು ಸಾಲಿನ ಹಿನ್ನೆಲೆ, ಆಯ್ಕೆಗಳು ಮತ್ತು ಒಂದೊಂದರ ಖರ್ಚು, ತಮ್ಮ ಶಿಫಾರಸು, ಇವತ್ತು ನಿರ್ಧರಿಸದಿದ್ದರೆ ಆಗುವ ನಷ್ಟ. ಈ ಕೊನೆಯ ಸಾಲನ್ನು ಯಾರೂ ಬರೆಯುವುದಿಲ್ಲ, ಆದರೆ ಇವತ್ತೇ ತೀರ್ಮಾನ ಮಾಡಿಸುವುದು ಅದೊಂದೇ. ಟಿಪ್ಪಣಿಯನ್ನು ಯಾರೂ ಓದಿಕೊಂಡು ಬರುವುದಿಲ್ಲವೆಂದರೆ ಮೀಟಿಂಗ್‌ನ ಮೊದಲ ಎಂಟು ನಿಮಿಷ ಎಲ್ಲರೂ ಮೌನವಾಗಿ ಅಲ್ಲೇ ಓದಲಿ. ಅಮೆಜಾನ್ ಕಂಪನಿ 2004ರಲ್ಲಿ ಹಿರಿಯರ ಮೀಟಿಂಗ್‌ಗಳಿಂದ ಪವರ್‌ಪಾಯಿಂಟ್ ತೆಗೆದುಹಾಕಿ ಬರಹದ ಟಿಪ್ಪಣಿ ತಂದಿತು. ಅದನ್ನು ಮೀಟಿಂಗ್ ಆರಂಭದಲ್ಲೇ ಎಲ್ಲರೂ ಓದುವ ಪದ್ಧತಿ ಬೆಳೆಸಿದ್ದು ಇದೇ ಕಾರಣಕ್ಕೆ. ಮೊದಲ ಸಲ ಆ ಮೌನ ವಿಚಿತ್ರವೆನಿಸುತ್ತದೆ. ಮೂರನೆಯ ಸಲಕ್ಕೆ ರೂಢಿಯಾಗುತ್ತದೆ.

ಸಣ್ಣ ವಿಷಯ ದೊಡ್ಡ ವಿಷಯವನ್ನು ನುಂಗುವುದೂ ಉಂಟು. ಪಾರ್ಕಿಂಗ್, ಕ್ಯಾಂಟೀನ್ ಟೀ ಬಗ್ಗೆ ಎಲ್ಲರಿಗೂ ಅಭಿಪ್ರಾಯವಿದೆ. ಸರ್ವರ್ ಗುತ್ತಿಗೆಯ ಬಗ್ಗೆ ಇಬ್ಬರಿಗೆ ಮಾತ್ರ. ದೊಡ್ಡದನ್ನು ಮೊದಲು ಹಾಕಿ, ಪಾರ್ಕಿಂಗ್ ಅನ್ನು ಇಬ್ಬರಿಗೆ ಒಪ್ಪಿಸಿ.

ಇಲ್ಲಿಗೆ ನಿಲ್ಲಿಸಿ: ಒಂದೇ ವಿಷಯ ಮೂರನೆಯ ಮೀಟಿಂಗ್‌ಗೂ ಬಂದರೆ ನಾಲ್ಕನೆಯದಕ್ಕೆ ತರಬೇಡಿ. ಅದು ಮೀಟಿಂಗ್ ಬಿಡಿಸುವ ಗಂಟಲ್ಲ. ಎರಡು ವಿಭಾಗಗಳ ಮುಖ್ಯಸ್ಥರ ನಡುವಿನ ಭಿನ್ನಾಭಿಪ್ರಾಯ ಇರಬಹುದು. ಅವರಿಬ್ಬರ ಮೇಲಿನವರ ಬಳಿ ಬರಹದಲ್ಲಿ ಒಯ್ಯಿರಿ.

ಲಕ್ಷಣ 3: ಇಬ್ಬರು ಮಾತಾಡುತ್ತಾರೆ, ಉಳಿದವರು ತಲೆಯಾಡಿಸುತ್ತಾರೆ

ಮೊದಲು ಭಾಷೆ. ಕನ್ನಡ, ಇಂಗ್ಲಿಷ್, ಹಿಂದಿ, ತಮಿಳು, ತೆಲುಗು ಎಲ್ಲ ಬೆರೆತ ತಂಡದಲ್ಲಿ ಮೀಟಿಂಗ್ ಪೂರ್ತಿ ಇಂಗ್ಲಿಷಿನಲ್ಲಿ ನಡೆದರೆ, ಕೆಲಸ ಚೆನ್ನಾಗಿ ಬಲ್ಲವರೇ ಸುಮ್ಮನಿರುತ್ತಾರೆ. ಯಂತ್ರದ ಶಬ್ದ ಕೇಳಿಯೇ ಬೇರಿಂಗ್ ಹೋಗಿದೆ ಎನ್ನಬಲ್ಲ ಫಿಟ್ಟರ್, ಇಂಗ್ಲಿಷಿನಲ್ಲಿ ವಾಕ್ಯ ಜೋಡಿಸುವಷ್ಟರಲ್ಲಿ ಮಾತು ಮುಂದೆ ಹೋಗಿರುತ್ತದೆ. "ಯಾವ ಭಾಷೆಯಲ್ಲಾದರೂ ಹೇಳಿ" ಎಂದು ಹೇಳಿದರೆ ಸಾಲದು. ನಡೆಸುವವರೇ ಮೊದಲು ಭಾಷೆ ಬದಲಿಸಬೇಕು. ಪ್ರತಿ ತೀರ್ಮಾನವನ್ನೂ ತಂಡಕ್ಕೆ ಬರುವ ಎರಡು ಭಾಷೆಗಳಲ್ಲಿ ಒಂದೊಂದು ವಾಕ್ಯ ಹೇಳಿ. ತಿಳಿಯಿತೇ ಎಂದು ಪರೀಕ್ಷಿಸಲು "ಅರ್ಥ ಆಯ್ತಾ?" ಎಂದು ಕೇಳಬೇಡಿ, ಉತ್ತರ ಯಾವಾಗಲೂ ಹೌದು ಎಂದೇ ಇರುತ್ತದೆ. "ನಾಳೆ ಬೆಳಿಗ್ಗೆ ಇದರಲ್ಲಿ ಮೊದಲು ಏನು ಮಾಡ್ತೀರಿ?" ಎಂದು ಕೇಳಿ.

ಭಾಷೆ ಸರಿಯಿದ್ದರೆ ಮಾತಿನ ಸರದಿ ನೋಡಿ. ಮ್ಯಾನೇಜರ್ ಮೊದಲು ಅಭಿಪ್ರಾಯ ಹೇಳಿಬಿಟ್ಟರೆ ಉಳಿದವರಿಗೆ ಒಪ್ಪುವುದೊಂದೇ ಕೆಲಸ. ಸೇನಾ ನ್ಯಾಯಾಲಯಗಳಲ್ಲಿ ಅತ್ಯಂತ ಕಿರಿಯ ಸದಸ್ಯರಿಂದ ಅಭಿಪ್ರಾಯ ಕೇಳುತ್ತ ಬರುವ ಹಳೆಯ ಪದ್ಧತಿ ಇದೆ. ಹಿರಿಯರ ಮಾತಿನ ಭಾರ ಕಿರಿಯರ ಮೇಲೆ ಬೀಳಬಾರದೆಂದೇ ಅದು. ಕಚೇರಿಯಲ್ಲೂ ಅದೇ ಸರದಿ ಇಡಿ. ಇನ್ನೂ ಸುಲಭದ್ದು, ಪ್ರಶ್ನೆ ಓದಿ ಎಲ್ಲರಿಗೂ ಎರಡು ನಿಮಿಷ ಚೀಟಿಯಲ್ಲಿ ಬರೆಯಲು ಹೇಳುವುದು. ಒಟ್ಟಾಗಿ ಕೂತು ಐಡಿಯಾ ಹೇಳುವವರಿಗಿಂತ ಬೇರೆಬೇರೆಯಾಗಿ ಬರೆದವರಿಂದ ಹೆಚ್ಚು ಐಡಿಯಾಗಳು ಬರುತ್ತವೆ, ಒಬ್ಬರು ಮಾತಾಡುವಾಗ ಉಳಿದವರ ಯೋಚನೆಗೆ ತಡೆ ಬೀಳುವುದೇ ಮುಖ್ಯ ಕಾರಣ ಎಂದು ಮನೋವಿಜ್ಞಾನಿಗಳಾದ ಡೀಲ್ ಮತ್ತು ಸ್ಟ್ರೋಬೆ 1987ರಲ್ಲಿ ಪ್ರಯೋಗ ಮಾಡಿ ತೋರಿಸಿದರು. 1985ರಲ್ಲಿ ಸ್ಟಾಸರ್ ಮತ್ತು ಟೈಟಸ್ ಕಂಡುಕೊಂಡದ್ದು ಇನ್ನೂ ಗಂಭೀರ: ಗುಂಪು ಎಲ್ಲರಿಗೂ ಮೊದಲೇ ಗೊತ್ತಿರುವುದನ್ನೇ ಮತ್ತೆ ಮತ್ತೆ ಮಾತಾಡುತ್ತದೆ, ಒಬ್ಬರಿಗೆ ಮಾತ್ರ ಗೊತ್ತಿರುವುದು ಹೊರಗೆ ಬರುವುದೇ ಕಡಿಮೆ. ಆದ್ದರಿಂದ ಚೀಟಿಯಲ್ಲಿ ಕೇಳಬೇಕಾದ ಪ್ರಶ್ನೆ ಇದು: "ಇಲ್ಲಿ ಬೇರೆಯವರಿಗೆ ಗೊತ್ತಿರದ, ನಿಮಗೆ ಗೊತ್ತಿರುವ ಸಂಗತಿ ಏನು?"

ಒಬ್ಬರೇ ಬಿಡದೆ ಮಾತಾಡುತ್ತಿದ್ದರೆ ಅವರ ಬಾಯಿ ಮುಚ್ಚಿಸುವ ಮೊದಲು ಅವರ ಮಾತನ್ನು ಬೋರ್ಡ್ ಮೇಲೆ ಬರೆದು ಓದಿ ಹೇಳಿ: "ನೀವು ಹೇಳಿದ್ದು ಇದು ತಾನೇ ಸಾರ್?" ಹೇಳಿದ್ದನ್ನೇ ಹೇಳುವವರು ಬಹುಪಾಲು ತಮ್ಮ ಮಾತು ದಾಖಲಾಗಿಲ್ಲ ಎಂಬ ಆತಂಕದಿಂದ ಹೇಳುತ್ತಿರುತ್ತಾರೆ. ಬರೆದ ಮೇಲೂ ನಿಲ್ಲದಿದ್ದರೆ ಮೀಟಿಂಗ್ ಮುಗಿದ ಮೇಲೆ ಒಬ್ಬರನ್ನೇ ಕರೆದು ಮಾತಾಡಿ.

ಎಚ್ಚರಿಕೆ: ಸುಮ್ಮನಿರುವವರ ಹೆಸರು ಹಿಡಿದು ತಟ್ಟನೆ "ನೀವ್ಯಾಕೆ ಮಾತಾಡ್ತಿಲ್ಲ?" ಎಂದು ಎಲ್ಲರೆದುರು ಕೇಳಬೇಡಿ. ಹಿಂದೆ ಮಾತಾಡಿದಾಗ ಅವರಿಗೆ ಏನಾಗಿತ್ತು ಎಂದು ಏಕಾಂತದಲ್ಲಿ ತಿಳಿದುಕೊಳ್ಳಿ. ತಪ್ಪು ತೋರಿಸಿದವರಿಗೇ ಆ ಕೆಲಸ ಅಂಟಿಸುವ, ಕೆಟ್ಟ ಸುದ್ದಿ ತಂದವರನ್ನು ಗದರಿಸುವ ಅಭ್ಯಾಸ ಇದ್ದರೆ ಚೀಟಿಯಿಂದಾಗಲಿ ಸರದಿಯಿಂದಾಗಲಿ ಪ್ರಯೋಜನವಿಲ್ಲ. ಬದಲಾಗಬೇಕಾದವರು ಹಿರಿಯರು.

ತಕ್ಷಣ ನಿಲ್ಲಿಸಬೇಕಾದ ಸಂದರ್ಭ: ಯಾರಾದರೂ ಜೀವಾಪಾಯದ ಬಗ್ಗೆ ತಾಂತ್ರಿಕ ಆಕ್ಷೇಪ ಎತ್ತಿದಾಗ. 1986ರ ಜನವರಿ 27ರ ರಾತ್ರಿ ಚಾಲೆಂಜರ್ ಬಾಹ್ಯಾಕಾಶ ನೌಕೆಯ ಕುರಿತ ದೂರವಾಣಿ ಸಭೆಯಲ್ಲಿ, ಚಳಿ ಹೆಚ್ಚಿದ್ದರೆ ಬೂಸ್ಟರ್‌ನ ರಬ್ಬರ್ ಸೀಲ್ ಕೆಲಸ ಮಾಡದಿರಬಹುದು ಎಂದು ಆ ಬೂಸ್ಟರ್ ರಾಕೆಟ್ ತಯಾರಿಸಿದ ಕಂಪನಿಯ ಎಂಜಿನಿಯರ್‌ಗಳು ಉಡಾವಣೆಗೆ ವಿರೋಧ ಹೇಳಿದ್ದರು. ಅವರ ಕಂಪನಿ ಲೈನ್‌ನಿಂದ ಹೊರಗೆ ಹೋಗಿ ತನ್ನೊಳಗೇ ಚರ್ಚಿಸಿತು. ಕೊನೆಯ ಅಭಿಪ್ರಾಯ ಕೇಳಿದ್ದು ವ್ಯವಸ್ಥಾಪಕರನ್ನು ಮಾತ್ರ. ಉಡಾವಣೆಗೆ ಒಪ್ಪಿಗೆ ಸಿಕ್ಕಿತು. ಮಾರನೆಯ ದಿನ ನೌಕೆ ಆಕಾಶದಲ್ಲೇ ಒಡೆದು ಏಳು ಜನ ಸತ್ತರು. ಅಪಾಯವಿದೆ ಎಂದವರು ಅದನ್ನು ಸಾಬೀತು ಮಾಡಲಿ ಎಂಬ ಸ್ಥಿತಿಗೆ ಮಾತು ತಿರುಗಿದರೆ ಮೀಟಿಂಗ್ ಅಲ್ಲಿಗೇ ಮುಗಿಸಿ, ಕೆಲಸ ತಡೆಹಿಡಿದು, ಆ ವಿಷಯ ಬಲ್ಲವರನ್ನು ಕರೆಸಿ.

ಲಕ್ಷಣ 4: ತೀರ್ಮಾನ ಆಗುತ್ತದೆ, ಕೆಲಸ ಆಗುವುದಿಲ್ಲ

ಕಳೆದ ಮೂರು ಮೀಟಿಂಗ್‌ಗಳ ನಡಾವಳಿ (ಮಿನಿಟ್ಸ್) ತೆಗೆದು ಕ್ರಿಯಾಪದಗಳ ಕೆಳಗೆ ಗೆರೆ ಎಳೆಯಿರಿ. "ಸಂಬಂಧಪಟ್ಟವರು ಸೂಕ್ತ ಕ್ರಮ ವಹಿಸುವುದು", "ಆದಷ್ಟು ಬೇಗ ಪೂರ್ಣಗೊಳಿಸಲು ಸೂಚಿಸಲಾಯಿತು" ಎಂಬ ವಾಕ್ಯಗಳಿದ್ದರೆ ಹುಡುಕಾಟ ಮುಗಿಯಿತು. ಅವುಗಳಲ್ಲಿ ಮಾಡುವವರ ಹೆಸರಿಲ್ಲ, ದಿನವಿಲ್ಲ, ಏನು ಆದರೆ ಆಯಿತು ಎಂಬ ಗುರುತಿಲ್ಲ. ಸರ್ಕಾರಿ ಪ್ರಗತಿ ಪರಿಶೀಲನಾ ಸಭೆಗಳಿಂದ ಖಾಸಗಿ ಕಚೇರಿಗಳವರೆಗೆ ಈ ಭಾಷೆ ಹರಡಿದೆ. ಸರಿಯಾದ ಸಾಲು ಹೀಗಿರುತ್ತದೆ: "ಖರೀದಿ ವಿಭಾಗದ ಇಂಥವರು, ಗುರುವಾರ ಸಂಜೆ 4ರೊಳಗೆ, ಮೂರು ಕೊಟೇಶನ್ ತರಿಸಿ ಎಲ್ಲರಿಗೂ ಇಮೇಲ್ ಮಾಡುತ್ತಾರೆ." ಒಂದು ಕೆಲಸಕ್ಕೆ ಒಂದೇ ಹೆಸರು. ಎರಡು ಹೆಸರು ಬರೆದರೆ ಇಬ್ಬರೂ ಇನ್ನೊಬ್ಬರು ಮಾಡುತ್ತಾರೆ ಎಂದುಕೊಳ್ಳುತ್ತಾರೆ.

ಹೆಸರಿದ್ದೂ ಆಗದಿದ್ದರೆ ಆ ಹೆಸರಿನವರು ಕೋಣೆಯಲ್ಲಿದ್ದು ಬಾಯಿಬಿಟ್ಟು ಒಪ್ಪಿಕೊಂಡಿದ್ದರೇ? ಗೈರಾದವರ ತಲೆಗೆ ಕಟ್ಟಿದ ಕೆಲಸ ಹಂಚಿದ ಕೆಲಸವಲ್ಲ. ಕೊನೆಯ ಹತ್ತು ನಿಮಿಷ ಇರುವುದು ಇದಕ್ಕೇ: ಒಂದೊಂದು ಸಾಲು ಓದಿ, "ಗುರುವಾರ ಆಗತ್ತಾ, ಶುಕ್ರವಾರ ಇಡೋಣ್ವಾ?" ಎಂದು ಕೇಳಿ, ಅವರು ಹೇಳಿದ ದಿನವನ್ನೇ ಬರೆಯಿರಿ. ಈ ಹತ್ತು ನಿಮಿಷವನ್ನು ಚರ್ಚೆ ತಿನ್ನಲು ಬಿಡಬೇಡಿ. ಚರ್ಚೆ ಅರ್ಧಕ್ಕೆ ನಿಂತರೂ ಚಿಂತೆಯಿಲ್ಲ. ನಡಾವಳಿ ಅದೇ ದಿನ, ಅರ್ಧ ಪುಟದಲ್ಲಿ ಹೋಗಬೇಕು. ಯಾರು ಏನೆಂದರು ಎಂಬ ವರದಿ ಬೇಡ, ತೀರ್ಮಾನ ಮತ್ತು ಕೆಲಸದ ಸಾಲುಗಳು ಸಾಕು. ಮುಂದಿನ ಮೀಟಿಂಗ್ ಆ ಸಾಲುಗಳಿಂದಲೇ ಶುರುವಾಗಲಿ, ಪ್ರತಿಯೊಂದಕ್ಕೂ ಅರ್ಧ ನಿಮಿಷ.

ಒಪ್ಪಿದ ಕೆಲಸಗಳಲ್ಲಿ ಅರ್ಧಕ್ಕಿಂತ ಕಡಿಮೆ ಮುಗಿಯುತ್ತಿದ್ದರೆ ಜನ ಸೋಮಾರಿಗಳು ಎಂದು ತೀರ್ಮಾನಿಸಬೇಡಿ. ಅವರ ದಿನ ಬೇರೆ ಯಾರದೋ ಕೈಯಲ್ಲಿರಬಹುದು. ಹೊಸ ಕೆಲಸ ಹಂಚುವುದನ್ನು ಎರಡು ವಾರ ನಿಲ್ಲಿಸಿ, ಹಳೆಯದನ್ನು ಖಾಲಿ ಮಾಡಿ. ಮೂರು ಸಲ ಮುಂದೂಡಿದ ಸಾಲನ್ನು ಕೈಬಿಡಿ, ಇಲ್ಲವೇ ಇನ್ನೊಬ್ಬರಿಗೆ ಕೊಡಿ.

ಮೀಟಿಂಗ್‌ನಲ್ಲಿ ಆದ ತೀರ್ಮಾನ ರಾತ್ರಿ ವಾಟ್ಸ್ಆ್ಯಪ್ ಗುಂಪಿನಲ್ಲಿ ಬದಲಾಗುತ್ತದೆಯೇ ಎಂದೂ ನೋಡಿ. ಬದಲಾವಣೆ ಬೇಕಾದರೆ ಆಗಲಿ, ಆದರೆ ನಡಾವಳಿಯ ಆ ಸಾಲನ್ನು ತಿದ್ದಿ ಮತ್ತೆ ಕಳಿಸಿದ ಮೇಲೆಯೇ ಅದು ಜಾರಿ.

ಲಕ್ಷಣ 5: ರಾತ್ರಿ ಪಾಳಿಯಲ್ಲಿ ಆದದ್ದು ಬೆಳಗಿನ ಪಾಳಿಗೆ ಗೊತ್ತಿಲ್ಲ

ಪೀಣ್ಯ, ಬಿಡದಿಯಂಥ ಕೈಗಾರಿಕಾ ಪ್ರದೇಶಗಳ ಘಟಕಗಳಿಗೆ ಅತಿ ಮುಖ್ಯವಾದ ಮೀಟಿಂಗ್ ಪಾಳಿ ಬದಲಾಗುವಾಗಿನ ಹತ್ತು ನಿಮಿಷ. ಮೊದಲು ಗಡಿಯಾರ ನೋಡಿ: ಎರಡು ಪಾಳಿಗಳು ಒಂದೇ ಸೈರನ್‌ಗೆ ಒಂದು ಹೊರಗೆ ಒಂದು ಒಳಗೆ ಹೋದರೆ ಭೇಟಿಯೇ ಇಲ್ಲ. ಮೇಲ್ವಿಚಾರಕರ ಮಟ್ಟದಲ್ಲಾದರೂ 10 ರಿಂದ 15 ನಿಮಿಷ ಎರಡೂ ಪಾಳಿ ಒಟ್ಟಿಗಿರಬೇಕು, ಆ ಸಮಯಕ್ಕೆ ಕೂಲಿಯೂ ಸಿಗಬೇಕು. ನಂತರ ಜಾಗ ನೋಡಿ: ಒಂದು ಮೀಟರ್ ದೂರದವರಿಗೆ ದನಿ ಎತ್ತಿ ಹೇಳಬೇಕಾಗಿದ್ದರೆ ಅಲ್ಲಿ ಸದ್ದು 85 ಡೆಸಿಬೆಲ್ ಆಸುಪಾಸಿನಲ್ಲಿದೆ, ಮಾತು ತಪ್ಪಾಗಿ ಕೇಳಿಸುತ್ತದೆ. ಓಡುವ ಯಂತ್ರದ ಪಕ್ಕ, ಫೋರ್ಕ್‌ಲಿಫ್ಟ್ ದಾರಿಯಲ್ಲಿ ನಿಂತು ಮೀಟಿಂಗ್ ಮಾಡಬೇಡಿ.

ಬರಹದಲ್ಲಿ ಇರಬೇಕಾದ್ದು: ಯಂತ್ರದ ಸಂಖ್ಯೆ, ನಡೆಯುತ್ತಿರುವ ಜಾಬ್, ರಿಜೆಕ್ಷನ್ ಎಷ್ಟು ಮತ್ತು ಯಾಕೆ, ಬದಲಿಸಿದ ಟೂಲ್, ರಿಪೇರಿಗೆ ಬಿಚ್ಚಿಟ್ಟಿರುವುದು, ವಿದ್ಯುತ್ ಕಡಿತಗೊಳಿಸಿ ಬೀಗ ಹಾಕಿ ಟ್ಯಾಗ್ ಕಟ್ಟಿರುವ ಯಂತ್ರಗಳು. ಕೊನೆಯ ಎರಡನ್ನು ಬಾಯಿಮಾತಿಗೆ ಬಿಡಲೇಬಾರದು. ಹೋಗುವವರೂ ಬರುವವರೂ ಯಂತ್ರದ ಬಳಿ ನಡೆದು ಟ್ಯಾಗ್ ನೋಡಿ ಸಹಿ ಹಾಕಬೇಕು. 1988ರ ಜುಲೈ 6ರಂದು ಉತ್ತರ ಸಮುದ್ರದ ಪೈಪರ್ ಆಲ್ಫಾ ತೈಲ ವೇದಿಕೆಯಲ್ಲಿ 167 ಜನ ಸತ್ತ ದುರಂತದ ಮೂಲದಲ್ಲಿ ಇದ್ದದ್ದು ಇಂಥದೇ ಕೊರತೆ. ಪಂಪ್ ಒಂದರ ಸುರಕ್ಷತಾ ಕವಾಟವನ್ನು ಬಿಚ್ಚಿಟ್ಟಿರುವ ಸಂಗತಿ ರಾತ್ರಿ ಪಾಳಿಗೆ ತಲುಪಿರಲಿಲ್ಲ. ಅವರು ಆ ಪಂಪ್ ಚಾಲು ಮಾಡಿದರು.

ಲಕ್ಷಣ 6: ಮಧ್ಯಾಹ್ನ ಎಲ್ಲರೂ ಆಕಳಿಸುತ್ತಾರೆ

ಊಟವನ್ನು ದೂರುವ ಮೊದಲು ಕಿಟಕಿ ತೆರೆಯಿರಿ. ಸ್ಪ್ಲಿಟ್ ಎಸಿ ಒಳಗಿನ ಗಾಳಿಯನ್ನೇ ತಂಪು ಮಾಡಿ ತಿರುಗಿಸುತ್ತದೆ, ಹೊರಗಿನ ಗಾಳಿ ತರುವುದಿಲ್ಲ. ಕೂತಿರುವ ಒಬ್ಬರು ಗಂಟೆಗೆ ಸುಮಾರು 18 ಲೀಟರ್ ಇಂಗಾಲದ ಡೈಆಕ್ಸೈಡ್ ಬಿಡುತ್ತಾರೆ. 12ಕ್ಕೆ 16 ಅಡಿ, ಹತ್ತು ಅಡಿ ಎತ್ತರದ ಕೋಣೆಯಲ್ಲಿ ಗಾಳಿ ಇರುವುದು ಸುಮಾರು 54,000 ಲೀಟರ್. ಬಾಗಿಲು ಕಿಟಕಿ ಮುಚ್ಚಿ ಎಂಟು ಜನ ಕೂತರೆ, ಹೊರಗೆ 420 ಪಿಪಿಎಂ (ಹತ್ತು ಲಕ್ಷ ಭಾಗ ಗಾಳಿಯಲ್ಲಿ ಅಷ್ಟು ಭಾಗ) ಆಸುಪಾಸಿನಲ್ಲಿರುವ ಅದರ ಪ್ರಮಾಣ ಒಳಗೆ ಒಂದು ಗಂಟೆಯಲ್ಲಿ 2,000 ದಾಟುತ್ತದೆ. ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದವರು 2012ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 1,000 ಪಿಪಿಎಂನಲ್ಲೇ ನಿರ್ಧಾರ ತೆಗೆದುಕೊಳ್ಳುವ ಸಾಮರ್ಥ್ಯ ಇಳಿದು, 2,500ರಲ್ಲಿ ಬಹಳ ಕುಸಿದಿತ್ತು. ನಂತರದ ಪ್ರಯೋಗಗಳ ಫಲಿತಾಂಶ ಒಂದೇ ತೆರನಾಗಿ ಇಲ್ಲ. ಆದರೂ ಉಸಿರುಗಟ್ಟಿದ ಕೋಣೆಯಲ್ಲಿ ಗಾಳಿ ಬದಲಿಸುವುದಕ್ಕೆ ಖರ್ಚೇನೂ ಇಲ್ಲ.

ಬಾಗಿಲು ತೆರೆದಿಡಿ, 45 ನಿಮಿಷಕ್ಕೆ ಮುಗಿಸಿ, ಎಕ್ಸಾಸ್ಟ್ ಫ್ಯಾನ್ ಇದ್ದರೆ ಅದು ತಿರುಗುತ್ತಿದೆಯೇ ನೋಡಿ. ಕಿಟಕಿಯೇ ಇಲ್ಲದ ಗಾಜಿನ ಕ್ಯಾಬಿನ್ ಆದರೆ ಕಟ್ಟಡ ನಿರ್ವಹಣೆಯವರನ್ನು ಕರೆಯಿರಿ. ಡೀಸೆಲ್ ಜನರೇಟರ್ ಹೊಗೆ ಬರುವ ಕಡೆಯ ಕಿಟಕಿಯನ್ನು ಮಾತ್ರ ತೆರೆಯಬೇಡಿ. ಹಲವರಿಗೆ ಒಟ್ಟಿಗೆ ತಲೆನೋವು, ವಾಕರಿಕೆ ಬಂದರೆ ಎಲ್ಲರನ್ನೂ ತಕ್ಷಣ ಹೊರಗೆ ಕಳಿಸಿ, ಕಾರಣ ಆಮೇಲೆ ಹುಡುಕಿ.

ಲಕ್ಷಣ 7: ಆನ್‌ಲೈನ್‌ನಲ್ಲಿ ಎಕೋ, ಮಾತು ಕಡಿಯುವುದು

ನೀವು ಆಡಿದ ಮಾತು ನಿಮಗೇ ಮರಳಿ ಕೇಳಿಸಿದರೆ ದೋಷ ನಿಮ್ಮ ಕಡೆ ಇಲ್ಲ. ಬೇರೆಯವರೊಬ್ಬರ ಸ್ಪೀಕರ್‌ನ ಶಬ್ದ ಅವರದೇ ಮೈಕ್‌ಗೆ ಹೋಗುತ್ತಿದೆ, ಅವರಿಗೆ ಅದು ಗೊತ್ತಾಗುವುದಿಲ್ಲ. ಒಬ್ಬೊಬ್ಬರನ್ನೇ ಮ್ಯೂಟ್ ಮಾಡುತ್ತ ಬನ್ನಿ. ಯಾರನ್ನು ಮ್ಯೂಟ್ ಮಾಡಿದಾಗ ನಿಂತಿತೋ ಅವರು ಇಯರ್‌ಫೋನ್ ಹಾಕಿಕೊಳ್ಳಲಿ. ಕಿವಿಗಡಚಿಕ್ಕುವ ಕೀರಲು ಬಂದರೆ ಒಂದೇ ಕೋಣೆಯಲ್ಲಿ ಎರಡು ಲ್ಯಾಪ್‌ಟಾಪ್‌ಗಳ ಧ್ವನಿ ತೆರೆದಿದೆ. ಒಂದನ್ನು ಬಿಟ್ಟು ಉಳಿದವುಗಳ ಮೈಕ್ ಮತ್ತು ಸ್ಪೀಕರ್ ಎರಡನ್ನೂ ಆರಿಸಿ.

ಇಬ್ಬರು ಪದೇಪದೇ ಒಟ್ಟಿಗೆ ಮಾತು ಶುರುಮಾಡಿ ಇಬ್ಬರೂ ನಿಲ್ಲಿಸುತ್ತಿದ್ದರೆ ಅದು ಶಿಷ್ಟಾಚಾರದ ಕೊರತೆಯಲ್ಲ, ವಿಳಂಬ. ಒಂದು ದಿಕ್ಕಿನ ವಿಳಂಬ 150 ಮಿಲಿಸೆಕೆಂಡ್ ಒಳಗಿರಬೇಕು ಎಂಬುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸು. ಕ್ಯಾಮೆರಾ ಆರಿಸಿ, ವೈಫೈ ಬದಲು ಕೇಬಲ್ ಹಾಕಿ. ಆಗಲೂ ಸರಿಯಾಗದಿದ್ದರೆ ಕೈ ಎತ್ತುವ ಗುಂಡಿಯಿಂದ ಸರದಿ ನಡೆಸಿ. ಕರೆಂಟ್ ಹೋದಾಗ ಸಂಪರ್ಕ ಕಡಿಯುತ್ತಿದ್ದರೆ ರೂಟರ್ ಜೊತೆ ಫೈಬರ್ ಪೆಟ್ಟಿಗೆಗೂ ಯುಪಿಎಸ್ ಇದೆಯೇ ನೋಡಿ. ಎರಡನೆಯದನ್ನು ಮರೆಯುವವರು ಬಹಳ.

ಎಚ್ಚರಿಕೆ: ಕಾರು, ಬೈಕ್ ಓಡಿಸುತ್ತ ಯಾರೂ ಮೀಟಿಂಗ್‌ಗೆ ಸೇರಬಾರದು. ಹಾರನ್ ಶಬ್ದ ಕೇಳಿದ ಕೂಡಲೇ "ಗಾಡಿ ನಿಲ್ಲಿಸಿ, ಆಮೇಲೆ ಮಾತಾಡೋಣ" ಎಂದು ಅವರನ್ನು ಕಾಲ್‌ನಿಂದ ತೆಗೆಯುವುದು ನಡೆಸುವವರ ಜವಾಬ್ದಾರಿ.

ಲಕ್ಷಣ 8: ಮಾರ್ಚ್, ನವೆಂಬರ್‌ಗಳಲ್ಲಿ ಅರ್ಧ ಜನ ಒಂದು ಗಂಟೆ ತಪ್ಪಿ ಬರುತ್ತಾರೆ

ಅಮೆರಿಕ ತನ್ನ ಗಡಿಯಾರವನ್ನು ಮಾರ್ಚ್‌ನ ಎರಡನೇ ಭಾನುವಾರ ಮುಂದಿಟ್ಟು ನವೆಂಬರ್‌ನ ಮೊದಲ ಭಾನುವಾರ ಹಿಂದಿಡುತ್ತದೆ. ಬ್ರಿಟನ್, ಯುರೋಪು ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೆಯ ಭಾನುವಾರ. ಭಾರತದ್ದು ಬದಲಾಗುವುದಿಲ್ಲ. ನ್ಯೂಯಾರ್ಕ್‌ನ ಬೆಳಿಗ್ಗೆ 9 ಗಂಟೆ ಬೇಸಿಗೆಯಲ್ಲಿ ನಮಗೆ ಸಂಜೆ 6:30, ಚಳಿಗಾಲದಲ್ಲಿ 7:30. ಆಹ್ವಾನವನ್ನು ಯಾವ ಊರಿನ ಸಮಯಕ್ಕೆ ಕಟ್ಟಲಾಗಿದೆಯೋ ಅಲ್ಲಿಯವರಿಗೆ ಸಮಯ ಬದಲಾಗುವುದಿಲ್ಲ, ಉಳಿದವರಿಗೆ ಜಿಗಿಯುತ್ತದೆ. ಆ ವಾರಗಳ ಹಿಂದಿನ ಶುಕ್ರವಾರ ಎರಡೂ ಊರಿನ ಸಮಯ ಬರೆದು ಸಂದೇಶ ಕಳಿಸಿ. ರಾತ್ರಿ ತಡವಾಗುವ ಕರೆಗಳಿಗೆ ಕಚೇರಿಯಲ್ಲೇ ಉಳಿಯುವವರಿದ್ದರೆ ಮನೆಗೆ ತಲುಪಿಸುವ ವಾಹನ ಮೊದಲೇ ಗೊತ್ತುಮಾಡಿ.

ಮೀಟಿಂಗ್‌ನಲ್ಲಿ ಸರಿಪಡಿಸಬಾರದ ದೋಷಗಳು

ಕೆಲವು ಸಂಗತಿಗಳು ಬೇರೆ ಬಾಗಿಲಿಗೆ ಹೋಗಬೇಕು. ಒಬ್ಬರ ಸಂಬಳ, ಕಾಯಿಲೆ, ಶಿಸ್ತು ಕ್ರಮ ಯಾವುದೂ ತಂಡದ ಮೀಟಿಂಗ್‌ನಲ್ಲಿ ಬರಬಾರದು. ಲೈಂಗಿಕ ಕಿರುಕುಳದ ಮಾತು ಎದ್ದರೆ ಅಲ್ಲೇ ವಿಚಾರಿಸಲು ಹೋಗಬೇಡಿ, ಸಂಧಾನವನ್ನೂ ಮಾಡಬೇಡಿ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಂತೆ ಹತ್ತು ಅಥವಾ ಹೆಚ್ಚು ಜನರಿರುವ ಕೆಲಸದ ಸ್ಥಳದಲ್ಲಿ ಆಂತರಿಕ ಸಮಿತಿ ಇರಲೇಬೇಕು, ದೂರನ್ನು ಸಾಮಾನ್ಯವಾಗಿ ಮೂರು ತಿಂಗಳೊಳಗೆ ಬರಹದಲ್ಲಿ ಕೊಡಬೇಕು, ವಿವರ ಗೋಪ್ಯವಾಗಿರಬೇಕು. ನಡಾವಳಿಯಲ್ಲಿ ಹೆಸರು ಬರೆಯುವುದೂ ಆ ಗೋಪ್ಯತೆಯ ಉಲ್ಲಂಘನೆಯಾಗಬಹುದು. ಎಲ್ಲರಿಗೂ ತಿಳಿಸದೆ ಯಾವ ಮೀಟಿಂಗನ್ನೂ ರೆಕಾರ್ಡ್ ಮಾಡಬೇಡಿ.

ಮೀಟಿಂಗ್ ಇದೆ ಎಂದರೆ ಹಿಂದಿನ ರಾತ್ರಿ ನಿದ್ದೆ ಬರುವುದಿಲ್ಲ, ಎದೆ ಹೊಡೆದುಕೊಳ್ಳುತ್ತದೆ ಎಂದು ಸಹೋದ್ಯೋಗಿ ಹೇಳಿದರೆ ಕಾರ್ಯಸೂಚಿ ತಿದ್ದಿ ಪ್ರಯೋಜನವಿಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ದಿನದ ಯಾವ ಹೊತ್ತಿನಲ್ಲೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಆ ಭಯಕ್ಕೆ ಕಾರಣ ಒಬ್ಬ ವ್ಯಕ್ತಿಯ ಬೈಗುಳವಾಗಿದ್ದರೆ ಮಾನವ ಸಂಪನ್ಮೂಲ ವಿಭಾಗಕ್ಕೆ ಬರಹದಲ್ಲಿ ದೂರು ಹೋಗಬೇಕು.

ಕಾನೂನಿನ ಕಟ್ಟುಪಾಡಿರುವ ಸಭೆಗಳಿಗೆ ಈ ಕೈಪಿಡಿಯ ಸಡಿಲಿಕೆಗಳು ಅನ್ವಯಿಸುವುದಿಲ್ಲ. 2013ರ ಕಂಪನಿ ಕಾಯ್ದೆಯಂತೆ ನಿರ್ದೇಶಕ ಮಂಡಳಿಯ ಸಭೆಗೆ ಕನಿಷ್ಠ ಏಳು ದಿನದ ಲಿಖಿತ ನೋಟಿಸ್ ಬೇಕು. ಕೋರಂ, ಅಂದರೆ ಸಭೆಯಲ್ಲಿ ಇರಲೇಬೇಕಾದ ನಿರ್ದೇಶಕರ ಕನಿಷ್ಠ ಸಂಖ್ಯೆ, ಒಟ್ಟು ಬಲದ ಮೂರನೇ ಒಂದು ಭಾಗ ಅಥವಾ ಇಬ್ಬರು, ಯಾವುದು ಹೆಚ್ಚೋ ಅದು. ನಡಾವಳಿ 30 ದಿನದೊಳಗೆ ಪುಸ್ತಕಕ್ಕೆ ಸೇರಬೇಕು. ಅಲ್ಲಿ "ನೋಟಿಸ್ ತಡವಾಯ್ತು, ಆದ್ರೂ ನಡೆಸಿಬಿಡೋಣ" ಎಂಬ ಮಾತು ಬಂದರೆ ಕಂಪನಿ ಸೆಕ್ರೆಟರಿಯನ್ನು ಕೇಳದೆ ಮುಂದುವರಿಯಬೇಡಿ.